ನಮ್ಮ ಬಾವಿಯೊಳಗಿನ ಭೂಮಿ

ಗೆಳೆಯರೇ, ಹೋದ ಬೇಸಿಗೆಯಲ್ಲಿ ಅಪ್ಪ ಒಂದು ಎತ್ತು ಮಾರಿ ಹೊಲದಾಗ ಬಾವಿ ತೋಡಿಸಿದರು. ನಾನು ದಿನಾ ದಂಡೆಗೆ ನಿಂತು ನೋಡುತ್ತಿದ್ದೆ.

ಮೊದಲು ಎರೆಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕರಿಕಲ್ಲು. ಮೂರೂ ಒಂದೇ ಎಂದು ವಿಜ್ಞಾನದ ಗುರುಗಳು ಹೇಳಿದಾಗ ನನಗೆ ನಗು ಬಂತು. ಆದರೆ ಅದು ಖರೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಲಾವಾರಸ ಉಕ್ಕಿ ದಖ್ಖನ್ನಿನ ಮೇಲೆಲ್ಲಾ ಹರಿಯಿತು. ಅದು ಆರಿ ಗಟ್ಟಿಯಾದದ್ದೇ ಬಸಾಲ್ಟ್, ಅಂದರೆ ನಮ್ಮ ಕರಿಕಲ್ಲು. ವಿಜಯಪುರದ ಗೋಲಗುಮ್ಮಟ ಕಟ್ಟಿದ್ದೂ ಇದರಿಂದಲೇ! ಮಳೆ ಬಿಸಿಲಿಗೆ ಈ ಕಲ್ಲು ಸಡಿಲಾಗಿ ಗರಸು ಆಗುತ್ತದೆ, ಗರಸು ಇನ್ನೂ ಸವೆದು ಎರೆಮಣ್ಣು ಆಗುತ್ತದೆ.

35 ಅಡಿಗೆ ರೊಕ್ಕ ಮುಗಿಯಿತು. ನೀರಿಲ್ಲ. ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲಲು ಜಾಗವೇ ಇರುವುದಿಲ್ಲ. ಅವ್ವ ಎರಡು ದಿನ ಮಾತಾಡಲಿಲ್ಲ. ಆಗ ತಳದಲ್ಲಿ ಮೊಳದಷ್ಟು ಕೆಂಪು ಮಣ್ಣಿನ ಪಟ್ಟಿ ಕಂಡಿತು. ಬಾವಿ ತೋಡುವ ಮುದುಕ, "ಕೆಂಪು ಬಂತು, ಇನ್ನೆರಡು ಮೊಳ ಇಳಿಯೂಣ್ರಿ" ಅಂದ.

ಯಾಕೆಂದು ಗುರುಗಳನ್ನು ಕೇಳಿದೆ. ಲಾವಾ ಒಂದೇ ಸಲ ಬಂದದ್ದಲ್ಲವಂತೆ. ಒಂದು ಹರಿವು ಆರಿ, ಮೇಲೆ ಮಣ್ಣಾಗುವಷ್ಟು ಕಾಲ ಕಳೆದು, ಆಮೇಲೆ ಇನ್ನೊಂದು ಹರಿವು. ನಡುವೆ ಸಿಕ್ಕ ಮಣ್ಣೇ ಈ ಕೆಂಪು ಪಟ್ಟಿ. ಅದರ ಕೆಳಗಿರುವುದು ಹಳೇ ಹರಿವಿನ ನೆತ್ತಿ. ಅಲ್ಲಿ ಗಾಳಿಗುಳ್ಳೆಗಳಿಂದ ಕಲ್ಲು ದೋಸೆಯ ಹಾಗೆ ತೂತು ತೂತು. ಸವೆದು ಸೀಳಿದ್ದರೆ ನೀರು ಹಿಡಿಯುತ್ತದೆ. ಮುದುಕ ಶಾಲೆ ಕಲಿತವನಲ್ಲ, ಆದರೂ ಗೊತ್ತಿತ್ತು.

ಈಗ ದಿನಕ್ಕೆ ಎಂಟು ಕೊಡ ನೀರು ಒಸರುತ್ತದೆ. ಕುಡಿಯಲು ಸಾಕು, ಹೊಲಕ್ಕೆ ಸಾಲದು. ನೋಡಲು ಬರ್ರಿ, ಆದರೆ ದಂಡೆಗೆ ಇನ್ನೂ ಕಟ್ಟೆ ಕಟ್ಟಿಲ್ಲ, ದೂರ ನಿಲ್ಲಿರಿ.