ಸಾಕಿದ ಜೀವಕೋಶಗಳಿಗೆ ಉಸಿರು ಎಷ್ಟು?

ಕುಂದಾಪುರದ ದಕ್ಷಿಣಕ್ಕೆ, ಕೋಟೇಶ್ವರದ ಮಗ್ಗುಲಲ್ಲಿ, ಬೀಜಾಡಿಯ ಕಡಲತೀರವಿದೆ. ಅಲ್ಲಿ ತೆರೆಯೊಡೆದು ನೊರೆಯೇಳುವಾಗಲೆಲ್ಲ ಗಾಳಿಯ ಅಸಂಖ್ಯ ಗುಳ್ಳೆಗಳು ನೀರಿನೊಳಕ್ಕೆ ಸೇರುತ್ತವೆ. ಅವುಗಳಲ್ಲಿನ ಆಮ್ಲಜನಕವು ನೀರಿನಲ್ಲಿ ಕರಗುತ್ತದೆ. ಕರಗುವ ಪ್ರಮಾಣವಾದರೋ ಅತ್ಯಲ್ಪ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರು ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, ಒಂದು ಲೀಟರು ಸಿಹಿನೀರಿನಲ್ಲಿ ಕರಗಿ ನಿಲ್ಲುವುದು ಸುಮಾರು 8.3 ಮಿಲಿಗ್ರಾಂ ಮಾತ್ರ. ಕಡಲ ನೀರಿನಲ್ಲಿ ಇನ್ನೂ ಕಡಮೆ, ಸುಮಾರು 6.7 ಮಿಲಿಗ್ರಾಂ. ಕುಂದಾಪುರ ತಾಲ್ಲೂಕಿನ ಹಿನ್ನೀರಿನ ಬದಿಯ ಸಿಗಡಿ ಕೊಳಗಳಲ್ಲಿ ಕಡಲಿನ ತೆರೆಗಳಿಲ್ಲ. ಇರುಳಿನಲ್ಲಿ ಪಾಚಿಯೂ ಆಮ್ಲಜನಕವನ್ನು ವ್ಯಯಿಸುವುದರಿಂದ ಬೆಳಗಿನ ಜಾವಕ್ಕೆ ಕೊರತೆ ತಲೆದೋರುವುದುಂಟು. ಆದುದರಿಂದಲೇ ಅಲ್ಲಿ ಯಂತ್ರದ ಚಕ್ರಗಳಿಂದ ನೀರನ್ನು ಬಡಿಯುತ್ತಾರೆ.

ಇದೇ ಕಷ್ಟವಿರುವ, ಆದರೆ ಬಹಳ ಚಿಕ್ಕದಾದ ಕೊಳವೊಂದು ಜೀವವಿಜ್ಞಾನಿಯ ಪ್ರಯೋಗಶಾಲೆಯಲ್ಲಿದೆ. ಮನುಷ್ಯನ ಅಥವಾ ಪ್ರಾಣಿಗಳ ದೇಹದಿಂದ ತೆಗೆದ ಜೀವಕೋಶಗಳನ್ನು ಸಣ್ಣ ತಟ್ಟೆಗಳಲ್ಲಿ ಪೋಷಕ ದ್ರವವನ್ನು ಹಾಕಿ ಸಾಕುತ್ತಾರೆ. ಅನೇಕ ಬಗೆಯ ಜೀವಕೋಶಗಳು ತಟ್ಟೆಯ ತಳಕ್ಕೆ ಅಂಟಿಕೊಂಡೇ ಬೆಳೆಯತಕ್ಕವು. ಮೇಲೆ ಎರಡು ಮೂರು ಮಿಲಿಮೀಟರು ದ್ರವ. ಅದರ ಮೇಲೆ ಗಾಳಿ. ತಟ್ಟೆಯನ್ನು 37 ಡಿಗ್ರಿಯ ಕಾವುಪೆಟ್ಟಿಗೆಯಲ್ಲಿ ಅಲುಗಾಡದಂತೆ ಇಟ್ಟಿರುತ್ತಾರೆ. ಪೆಟ್ಟಿಗೆಯ ಗಾಳಿಗೆ ನೀರಾವಿಯೂ ನೂರಕ್ಕೆ 5ರಷ್ಟು ಇಂಗಾಲದ ಡೈಆಕ್ಸೈಡೂ ಸೇರಿರುವುದರಿಂದ ಅದರಲ್ಲಿ ಆಮ್ಲಜನಕವು ನೂರಕ್ಕೆ 20.9ರ ಬದಲು ಸುಮಾರು 18.6ರಷ್ಟಿರುತ್ತದೆ. ಪ್ರಯೋಗದ ವರದಿಗಳಲ್ಲಿ ಬಹುಮಟ್ಟಿಗೆ ಪೆಟ್ಟಿಗೆಯ ಗಾಳಿಯ ಲೆಕ್ಕವನ್ನೇ ಬರೆಯುವುದು ವಾಡಿಕೆ. ಆದರೆ ತಳದಲ್ಲಿರುವ ಜೀವಕೋಶಕ್ಕೆ ಅಷ್ಟು ದೊರೆಯುತ್ತದೆಯೆ?

ನಿಶ್ಚಲವಾದ ದ್ರವದಲ್ಲಿ ಆಮ್ಲಜನಕವು ವಿಸರಣೆಯಿಂದ ಮಾತ್ರ ಚಲಿಸಬೇಕು. ಈ ಪಯಣವು ವಿಚಿತ್ರವಾದುದು. ಒಂದು ಮಿಲಿಮೀಟರು ಸಾಗಲು ಅಣುವಿಗೆ ಸರಾಸರಿ ಮೂರು ನಿಮಿಷ ಸಾಕು. ಅದರ ಹತ್ತು ಪಟ್ಟು, ಎಂದರೆ ಒಂದು ಸೆಂಟಿಮೀಟರು, ಸಾಗಲು ನೂರು ಪಟ್ಟು ಕಾಲ, ಸುಮಾರು ನಾಲ್ಕೂವರೆ ಗಂಟೆ ಬೇಕು. ಇತ್ತ ಜೀವಕೋಶಗಳಾದರೋ ಸುಮ್ಮನೆ ಕಾಯುತ್ತ ಕೂಡುವುದಿಲ್ಲ. ಉದಾಹರಣೆಗೆ, ಒಂದೊಂದು ಜೀವಕೋಶವೂ ಸೆಕೆಂಡಿಗೆ ಮೂರು ಕೋಟಿ ಆಮ್ಲಜನಕದ ಅಣುಗಳನ್ನು ವ್ಯಯಿಸುತ್ತದೆಂದೂ, ಚದರ ಸೆಂಟಿಮೀಟರಿಗೆ ಒಂದು ಲಕ್ಷ ಜೀವಕೋಶಗಳಿವೆಯೆಂದೂ ಇಟ್ಟುಕೊಳ್ಳೋಣ. ಎರಡು ಮಿಲಿಮೀಟರು ದ್ರವದ ಅಡಿಯಲ್ಲಿ ಆಮ್ಲಜನಕವು ಮೇಲ್ಮೈಯಲ್ಲಿರುವುದಕ್ಕಿಂತ ಆರರಲ್ಲೊಂದು ಪಾಲು ಕಡಮೆಯಾಗುತ್ತದೆ. ಐದು ಮಿಲಿಮೀಟರು ದ್ರವವಿದ್ದರೆ ನೂರಕ್ಕೆ ನಲವತ್ತರಷ್ಟು ಕೊರತೆ. ಯಕೃತ್ತಿನ ಜೀವಕೋಶಗಳ ಹಸಿವು ಇದರ ಹಲವು ಪಟ್ಟು. ಬೇಡಿಕೆಯು ಆರು ಪಟ್ಟಾದರೆ ಎರಡೇ ಮಿಲಿಮೀಟರಿನ ಅಡಿಯಲ್ಲಿ ಆಮ್ಲಜನಕವು ಶೂನ್ಯಕ್ಕೆ ಇಳಿಯಬೇಕು. ದ್ರವವನ್ನು ತುಸು ಧಾರಾಳವಾಗಿ ಸುರಿದ ಕೈಯೇ ಜೀವಕೋಶಗಳ ಉಸಿರುಗಟ್ಟಿಸಬಹುದು!

ಕೊರತೆಯಂತೆಯೇ ಅತಿಯೂ ತೊಂದರೆಯೇ. ನಮ್ಮ ದೇಹದ ಅನೇಕ ಅಂಗಾಂಶಗಳಲ್ಲಿ ಆಮ್ಲಜನಕವಿರುವುದು ನೂರಕ್ಕೆ 3ರಿಂದ 7ರಷ್ಟು ಮಟ್ಟದಲ್ಲಿ. ಜೀವಕೋಶವು ಈ ಮಟ್ಟವನ್ನು ಅರಿತು ತನ್ನ ವಂಶವಾಹಿಗಳ ಕಾರ್ಯವನ್ನೇ ಬದಲಿಸಿಕೊಳ್ಳುತ್ತದೆ. ಈ ಅರಿವಿನ ಕ್ರಮವನ್ನು ಕಂಡುಹಿಡಿದ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆನ್ಜಾ ಎಂಬ ಮೂವರಿಗೆ 2019ರ ನೊಬೆಲ್ ಪಾರಿತೋಷಕವು ಸಂದಿತು. ಏಡಿಗಂತಿಯ ಒಡಲಿನಲ್ಲಿ ಎಷ್ಟೋ ಕಡೆ ಆಮ್ಲಜನಕವು ತೀರ ಕಡಮೆ. ಅಂತಹ ಜೀವಕೋಶಗಳು ವಿಕಿರಣ ಚಿಕಿತ್ಸೆಗೆ ಸುಲಭವಾಗಿ ಜಗ್ಗುವುದಿಲ್ಲ. ಗಾಳಿ ತುಂಬಿದ ತಟ್ಟೆಯಲ್ಲಿ ಅವನ್ನು ಪರೀಕ್ಷಿಸಿ, ಗೆದ್ದೆವೆಂದು ಭಾವಿಸಿದರೆ ಮೋಸಹೋಗುವ ಸಂಭವವಿದೆ.

ಆದುದರಿಂದ ಜೀವಕೋಶವಿರುವ ಸ್ಥಳದಲ್ಲಿಯೇ ಅಳೆಯಬೇಕು. ಹೇಗೆ? ಹಂಗೆರಿಯ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ರಾಸಾಯನಿಕ ವಿಧಾನವು ಇಂದಿಗೂ ನೆಚ್ಚತಕ್ಕುದು. ಬೀಜಾಡಿಯ ಕಡಲ ನೀರನ್ನು ಶೀಸೆಯಲ್ಲಿ ತುಂಬಿ ತಂದು ಪರೀಕ್ಷಿಸಲು ಅದು ಸೊಗಸಾಗಿ ಒದಗುತ್ತದೆ. ಆದರೆ ಆ ಪರೀಕ್ಷೆಯಲ್ಲಿ ಮಾದರಿಯು ಹಾಳಾಗುತ್ತದೆ. ಬದುಕಿರುವ ಜೀವಕೋಶಗಳ ಮೇಲೆ ಅದನ್ನು ನಡೆಸುವಂತಿಲ್ಲ.

ಅಮೆರಿಕದ ಲೀಲೆಂಡ್ ಕ್ಲಾರ್ಕ್ 1950ರ ದಶಕದಲ್ಲಿ ರೂಪಿಸಿದ ವಿದ್ಯುದಗ್ರವು ದೊಡ್ಡ ಹೆಜ್ಜೆ. ತೆಳು ಪೊರೆಯನ್ನು ದಾಟಿ ಬಂದ ಆಮ್ಲಜನಕವು ಪ್ಲಾಟಿನಮ್ ತುದಿಯಲ್ಲಿ ವಿದ್ಯುತ್ತಿನ ಪ್ರಭಾವದಿಂದ ವ್ಯಯವಾಗುತ್ತದೆ; ಆಗ ಹರಿಯುವ ಪ್ರವಾಹವೇ ಅದರ ಅಳತೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2006ರಲ್ಲಿ ಹೊರತಂದ ಬಯೋಮ್ಯಾಬ್ ಎಂಬ ಪ್ರತಿಕಾಯ ಔಷಧವನ್ನು ಸಸ್ತನಿಯ ಜೀವಕೋಶಗಳಿಂದ ಪಡೆಯುತ್ತಾರೆ. ಇಂತಹ ಔಷಧಗಳ ತಯಾರಿಕೆಗೆ ಬಳಸುವ ದೊಡ್ಡ ಪಾತ್ರೆಗಳಲ್ಲಿ ದ್ರವವನ್ನು ಕದಡುತ್ತಿರುತ್ತಾರೆ; ಅಲ್ಲಿ ಈ ಜಾತಿಯ ವಿದ್ಯುದಗ್ರಗಳಿಗೆ ತಕ್ಕ ಸ್ಥಾನವಿದೆ. ಆದರೆ ದೊಡ್ಡ ಪಾತ್ರೆಗೆ ಹೋಗುವ ಜೀವಕೋಶವನ್ನು ಮೊದಲು ಆರಿಸುವುದು ಚಿಕ್ಕ ಗುಳಿಗಳಲ್ಲಿ. 200 ಮೈಕ್ರೋಲೀಟರಿನ ಗುಳಿಯಲ್ಲಿ ಕರಗಿರುವ ಆಮ್ಲಜನಕವೆಲ್ಲ ಸುಮಾರು 40 ನ್ಯಾನೋಮೋಲು. ವಿದ್ಯುದಗ್ರದಲ್ಲಿ ಒಂದು ಮೈಕ್ರೋಆಂಪಿಯರ್ ಪ್ರವಾಹ ಹರಿದರೆ, ಒಂದು ಅಣುವಿಗೆ ನಾಲ್ಕು ಎಲೆಕ್ಟ್ರಾನುಗಳಂತೆ, ನಾಲ್ಕು ಗಂಟೆ ಚಿಲ್ಲರೆ ಅವಧಿಯಲ್ಲಿ ಅಷ್ಟೂ ಮುಗಿಯುತ್ತದೆ. ಫ್ಯಾರಡೆಯ ನಿಯಮವನ್ನು ಓದಿರುವ ವಿದ್ಯಾರ್ಥಿಗಳು ಇದನ್ನು ತಾವೇ ಗುಣಿಸಿ ನೋಡಬಹುದು. ಬೆಲ್ಲದ ತೂಕ ನೋಡಲು ಬಂದವನು ಬೆಲ್ಲವನ್ನೇ ತಿಂದಂತಾಯಿತು. ಅತಿ ಸೂಕ್ಷ್ಮ ತುದಿಯ ವಿದ್ಯುದಗ್ರಗಳು ತಿನ್ನುವುದು ಕಡಮೆ. ಆದರೆ ಅವು ಬಲು ನಾಜೂಕು.

ಬೆಳಕಿನ ವಿಧಾನವು ಈ ತೊಡಕನ್ನು ಕಳೆಯಿತು. ಕೆಲವು ವರ್ಣದ್ರವ್ಯಗಳು ಬೆಳಕು ತಾಗಿದಾಗ ತಾವೂ ಹೊಳೆಯುತ್ತವೆ. ಆಮ್ಲಜನಕದ ಅಣುವು ಡಿಕ್ಕಿ ಹೊಡೆದರೆ ಆ ಹೊಳಪು ಬೇಗ ನಂದುತ್ತದೆ. ಇಂತಹ ದ್ರವ್ಯದ ಸಣ್ಣ ಚುಕ್ಕೆಯನ್ನು ತಟ್ಟೆಯ ತಳದ ಒಳಮೈಗೆ ಅಂಟಿಸಿ, ಹೊರಗಿನಿಂದ ಗಾಜಿನ ಎಳೆಯ ಮೂಲಕ ಬೆಳಕನ್ನು ಕಳುಹಿಸಿ, ಹೊಳಪು ಆರಲು ಹಿಡಿಯುವ ಕಾಲವನ್ನು ಅಳೆಯುತ್ತಾರೆ. ಹೊಳಪಿನ ಪ್ರಖರತೆಗಿಂತ ಈ ಕಾಲವು ಹೆಚ್ಚು ವಿಶ್ವಾಸಾರ್ಹ; ಬಣ್ಣವು ಮಾಸಿದರೂ ಅದು ಅಷ್ಟಾಗಿ ಬದಲಾಗುವುದಿಲ್ಲ. ಅಳೆಯುವ ಕ್ರಿಯೆಯಿಂದ ಆಮ್ಲಜನಕವೂ ಗಣನೀಯವಾಗಿ ವ್ಯಯವಾಗುವುದಿಲ್ಲ.

ಆದರೂ ಎಚ್ಚರಿಕೆ ಬೇಕು. ಉಷ್ಣತೆ ಬದಲಾದರೆ ಅಳತೆಯೂ ಬದಲಾಗುತ್ತದೆ. ಪೆಟ್ಟಿಗೆಯ ಬಾಗಿಲನ್ನು ತೆರೆದೊಡನೆ ಕಂಡ ಅಂಕಿಯನ್ನು ನಂಬಲಾಗದು. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕು ತನ್ನೊಳಗೆ ಆಮ್ಲಜನಕವನ್ನು ಅಡಗಿಸಿಕೊಂಡಿದ್ದು, ಕಡಮೆ ಆಮ್ಲಜನಕವಿರುವ ಪೆಟ್ಟಿಗೆಗೆ ಒಯ್ದ ಮೇಲೆ ಗಂಟೆಗಟ್ಟಲೆ ಅದನ್ನು ದ್ರವಕ್ಕೆ ಬಿಡುತ್ತಿರುತ್ತದೆ. ಪ್ರಯೋಗಕ್ಕೆ ಮೊದಲು ಚುಕ್ಕೆಯನ್ನು ಎರಡು ಬಿಂದುಗಳಲ್ಲಿ ಸರಿಹೊಂದಿಸಬೇಕು: ಗಾಳಿಯಿಂದ ಪರ್ಯಾಪ್ತವಾದ ನೀರಿನಲ್ಲಿ ಒಮ್ಮೆ, ಸೋಡಿಯಂ ಸಲ್ಫೈಟು ಬೆರೆಸಿ ಆಮ್ಲಜನಕವನ್ನು ಕಳೆದ ನೀರಿನಲ್ಲಿ ಇನ್ನೊಮ್ಮೆ. ಎರಡೂ 37 ಡಿಗ್ರಿಯಲ್ಲಿಯೇ ನಡೆಯಬೇಕು.