ಉತ್ತರಪತ್ರಿಕೆಯನ್ನು ಕೇಳಿ ಪಡೆಯಿರಿ

ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದ ಮಕ್ಕಳು ಪದವಿಯ ಮೊದಲ ವರ್ಷದಲ್ಲೇ ಎರಡು ಮೂರು ಸಬ್ಜೆಕ್ಟ್ ಉಳಿಸಿಕೊಳ್ಳುವುದು ಅಪರೂಪವೇನಲ್ಲ. ಫಲಿತಾಂಶ ಬಂದ ವಾರ ಮನೆಯಲ್ಲಿ ಬೈಗುಳ, ಅಳು, ಮೌನ. ಅಷ್ಟರಲ್ಲಿ ಉತ್ತರಪತ್ರಿಕೆಯ ನಕಲಿಗೆ ಅರ್ಜಿ ಹಾಕುವ ಕೊನೆಯ ದಿನ ದಾಟಿರುತ್ತದೆ. ಸಂಕಟವಾಗುವುದು ಇಲ್ಲೇ. ಎಲ್ಲಿ ತಪ್ಪಿದೆವು ಎಂದು ತಿಳಿಯದೆ ಓದಿದವರು ಮುಂದಿನ ಬಾರಿಯೂ ಅದೇ ಜಾಗದಲ್ಲಿ ಎಡವುತ್ತಾರೆ.

ಮೌಲ್ಯಮಾಪನ ಮುಗಿದ ಉತ್ತರಪತ್ರಿಕೆ ಮಾಹಿತಿ ಹಕ್ಕು ಕಾಯ್ದೆಯಡಿ 'ಮಾಹಿತಿ'ಯೇ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ, ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಬರೆದ ವಿದ್ಯಾರ್ಥಿ ಅದನ್ನು ನೋಡಬಹುದು, ದೃಢೀಕೃತ ನಕಲು ಪಡೆಯಬಹುದು. ಮೌಲ್ಯಮಾಪಕರ ಹೆಸರು ಮಾತ್ರ ಸಿಗದು. ಪತ್ರಿಕೆಗಳನ್ನು ವಿಶ್ವವಿದ್ಯಾಲಯ ಕಾದಿಡುವ ಅವಧಿ ಮುಗಿದರೆ ಈ ಹಕ್ಕಿನಿಂದ ಉಪಯೋಗವಿಲ್ಲ, ಆದ್ದರಿಂದ ತಡ ಮಾಡಬೇಡಿ.

ದಾರಿ ಎರಡಿವೆ. ಮೊದಲನೆಯದು ವಿಶ್ವವಿದ್ಯಾಲಯದ್ದೇ ಫೋಟೊಕಾಪಿ ವ್ಯವಸ್ಥೆ. ಇದರಲ್ಲಿ ಶುಲ್ಕ ಹೆಚ್ಚಿದ್ದರೂ ನಕಲು ಬೇಗ ಕೈಸೇರುತ್ತದೆ. ಎರಡನೆಯದು ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದಲ್ಲಿ ಇದರ ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಕಾರಣ ಹೇಳಬೇಕಾಗಿಲ್ಲ. ಆದರೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದ ಮೀರದಂತಿರಲಿ. ಪರೀಕ್ಷೆ ನಡೆಸಿದ್ದು ವಿಶ್ವವಿದ್ಯಾಲಯವಾದರೆ ಅರ್ಜಿ ಹೋಗಬೇಕಾದದ್ದು ಕಾಲೇಜಿಗಲ್ಲ, ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. 'ನಮ್ಮಲ್ಲೇ ಫೋಟೊಕಾಪಿ ವ್ಯವಸ್ಥೆ ಇದೆ, ಅಲ್ಲೇ ಕೇಳಿ' ಎಂದು ವಾಪಸು ಕಳಿಸಿದರೆ ಒಪ್ಪಬೇಡಿ. ಎರಡರಲ್ಲಿ ಯಾವುದನ್ನು ಆರಿಸುವುದೂ ಅಭ್ಯರ್ಥಿಯ ಇಷ್ಟ ಎಂದು 2019ರಲ್ಲಿ ಕಂಪನಿ ಸೆಕ್ರೆಟರಿಗಳ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಉತ್ತರ ಕೊಡಲು ಅಧಿಕಾರಿಗೆ 30 ದಿನ ಕಾಲಾವಕಾಶವಿದೆ. ಅಷ್ಟರಲ್ಲಿ ಮರುಮೌಲ್ಯಮಾಪನದ ಗಡುವು ಮುಗಿದಿರಬಹುದು. ಹಾಗಾಗಿ ಮರುಮೌಲ್ಯಮಾಪನ ಬೇಕೆನ್ನುವವರು ದುಡ್ಡು ಹೊಂದಿಸಿ ಮೊದಲ ದಾರಿ ಹಿಡಿಯುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದಾದ ಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.

ನೋಡುವ ಹಕ್ಕು ಗಟ್ಟಿ. ಆದರೆ ಮರುಮೌಲ್ಯಮಾಪನದ ಹಕ್ಕು ಅಷ್ಟು ಗಟ್ಟಿಯಲ್ಲ. ವಿಶ್ವವಿದ್ಯಾಲಯದ ನಿಯಮದಲ್ಲಿ ಇದ್ದರಷ್ಟೇ ಅದು ಸಿಗುತ್ತದೆ ಎಂಬುದು 1984ರಿಂದಲೂ ಸುಪ್ರೀಂ ಕೋರ್ಟಿನ ನಿಲುವು. ಕಣ್ಣಿಗೆ ರಾಚುವ ತಪ್ಪಿದ್ದರೆ ಮಾತ್ರ, ಅದೂ ತೀರಾ ಅಪರೂಪಕ್ಕೆ, ನ್ಯಾಯಾಲಯಗಳು ಕೈಹಾಕುತ್ತವೆ. ಗ್ರಾಹಕರ ಆಯೋಗಕ್ಕೆ ಹೋಗಿಯೂ ಫಲವಿಲ್ಲ, ಪರೀಕ್ಷೆ ಬರೆಯುವವರು ಗ್ರಾಹಕರಲ್ಲ ಎಂದು 2009ರಲ್ಲೇ ತೀರ್ಮಾನವಾಗಿದೆ. ಕೂಡುವಲ್ಲಿ ತಪ್ಪಾಗಿಲ್ಲ, ಯಾವ ಉತ್ತರವೂ ಬಿಟ್ಟುಹೋಗಿಲ್ಲ ಎಂದಾದರೆ ಆ ನಕಲನ್ನು ಪಾಠ ಮಾಡಿದ ಮೇಷ್ಟ್ರ ಮುಂದಿಟ್ಟು ಒಂದೊಂದೇ ಪ್ರಶ್ನೆ ಚರ್ಚಿಸಿ. ಪೂರಕ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಅಂಗವೈಕಲ್ಯ ಇರುವವರು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಡಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಹಾಗೂ ಬರೆದುಕೊಡುವ ಸಹಾಯಕರನ್ನು ಕೇಳಬಹುದು. ಅದು ಸಿಗದ ಕಾರಣಕ್ಕೇ ಅಂಕ ಹೋಗಿರುವವರೂ ಇದ್ದಾರೆ. ಫಲಿತಾಂಶದಿಂದ ಮನಸ್ಸು ಕುಸಿದಿದ್ದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಉಚಿತ ಟೆಲಿ ಮಾನಸ್ ಸೇವೆ, ಕನ್ನಡದಲ್ಲೇ ಮಾತನಾಡಬಹುದು.

ಇಂಟರ್ನಲ್ ಅಂಕದಲ್ಲಿ ತಾರತಮ್ಯವಾಗಿದ್ದರೆ, ಕಾಲೇಜು ಬಿಡುವಾಗ ಮೂಲ ದಾಖಲೆ ಕೊಡದಿದ್ದರೆ ಯುಜಿಸಿಯ 2023ರ ನಿಯಮಾವಳಿ ನೆರವಿಗೆ ಬರುತ್ತದೆ. ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ದೂರು ಕೊಡಿ. ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೀರ್ಮಾನ ಸರಿಯೆನಿಸದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಬರೀ ಮರುಮೌಲ್ಯಮಾಪನದ ಕೋರಿಕೆಯನ್ನು ಅವರು ಕೇಳುವುದಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ಲೋಪವನ್ನೋ ತಾರತಮ್ಯದ ಘಟನೆಯನ್ನೋ ನಿರ್ದಿಷ್ಟವಾಗಿ ತೋರಿಸಬೇಕು. ಸಮಿತಿಗೆ ಬಾಯಿಮಾತಿನಲ್ಲಿ ಹೇಳಿ ಬಂದರೆ ಮೇಲ್ಮನವಿಗೆ ಆಧಾರವೇ ಇರುವುದಿಲ್ಲ. ದೂರಿನ ಇನ್ನೊಂದು ಪ್ರತಿಯ ಮೇಲೆ ಕಾಲೇಜಿನ ಮೊಹರು, ದಿನಾಂಕ ಹಾಕಿಸಿಕೊಂಡೇ ಹೊರಗೆ ಬನ್ನಿ.