ಗೆಳೆಯನ ಮನೆಗೊಂದು ಕಂಪ್ಯೂಟರ್: ಆರಿಸುವುದು, ಜೋಡಿಸುವುದು

‘ನಿಂಗೆ ಇದೆಲ್ಲ ಗೊತ್ತಲ್ಲ ಮಾರಾಯ, ನಮ್ಮನೆಗೂ ಒಂದು ಕಂಪ್ಯೂಟರ್ ಮಾಡಿಕೊಡು’ ಎಂದು ಗೆಳೆಯರು ಕೇಳುವುದುಂಟು. ಒಪ್ಪಿಕೊಳ್ಳುವ ಮೊದಲು ಒಂದು ಮಾತು ನೆನಪಿರಲಿ. ನಮ್ಮದೇ ಯಂತ್ರ ಕೆಟ್ಟರೆ ಬಿಚ್ಚಿ ನೋಡಿಕೊಳ್ಳುತ್ತೇವೆ. ಗೆಳೆಯನದು ಪರೀಕ್ಷೆಯ ಹಿಂದಿನ ರಾತ್ರಿ ಕೈಕೊಟ್ಟರೆ ಅವನಿಗೆ ದಿಕ್ಕೇ ತೋಚದು. ಹಾಗಾಗಿ ಇಂಥ ಕಂಪ್ಯೂಟರಿಗೆ ವೇಗಕ್ಕಿಂತ ಬಾಳಿಕೆಯೇ ಮುಖ್ಯ. ದುಡ್ಡು ಅಲ್ಲಿಗೇ ಹೋಗಬೇಕು.

ಸಾಗರದ ಕಡೆ ಹೈಸ್ಕೂಲ್ ಮೇಷ್ಟ್ರಾಗಿರುವ ಗೆಳೆಯನೊಬ್ಬನಿಗೆ ಜೋಡಿಸಿಕೊಟ್ಟ ಯಂತ್ರವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಅವನಿಗೆ ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡಬೇಕು. ಮಗಳು ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾಳೆ. ಉಳಿದಂತೆ ವಿಡಿಯೊ ಪಾಠ, ಫೋಟೊ, ಬ್ಯಾಂಕಿನ ಕೆಲಸ. ದೊಡ್ಡ ಗೇಮ್ ಆಡುವವರು ಮನೆಯಲ್ಲಿ ಇಲ್ಲ. ಇಷ್ಟು ತಿಳಿದರೆ ಗ್ರಾಫಿಕ್ಸ್ ಕಾರ್ಡಿನ ಖರ್ಚು ಪೂರ್ತಿ ಉಳಿಯಿತು.

ಯಾವುದನ್ನು ಆರಿಸಬೇಕು?

ಮೊದಲು ಪ್ರೊಸೆಸರ್. ಗ್ರಾಫಿಕ್ಸ್ ಒಳಗೇ ಇರುವುದನ್ನು ಆರಿಸಿ. ಎಎಂಡಿಯ ರೈಜೆನ್ 5 5600ಜಿ ಇಂಥ ಮನೆಗೆ ಸರಿಹೊಂದುತ್ತದೆ: ಆರು ಕೋರ್, 65 ವ್ಯಾಟ್, ಪೆಟ್ಟಿಗೆಯಲ್ಲೇ ಫ್ಯಾನ್ ಬರುತ್ತದೆ. 2021ರದಾದರೂ ಮನೆಗೆಲಸಕ್ಕೆ ಧಾರಾಳ. ಇಂಟೆಲ್ ಬೇಕೆಂದರೆ ಕೋರ್ ಐ3 12100 ನೋಡಬಹುದು. ಆದರೆ ಹೆಸರಿನ ಕೊನೆಗೆ ‘ಎಫ್’ ಅಂತಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಕಮ್ಮಿ ಬೆಲೆಗೆ ಸಿಗುತ್ತದೆಂದು ಅದನ್ನು ತಂದರೆ ಮಾನಿಟರ್‌ನಲ್ಲಿ ಏನೂ ಮೂಡದು.

5600ಜಿಗೆ ಎಎಂ4 ಸಾಕೆಟ್ಟಿನ ಮದರ್‌ಬೋರ್ಡ್ ಬೇಕು. ಎ520 ಅಥವಾ ಬಿ550 ಸಾಕು. ಹಳೆಯ ಬಿ450 ಕೊಡುತ್ತೇವೆಂದರೆ ಬಯೋಸ್ ಅಪ್‌ಡೇಟ್ ಆಗಿದೆಯೇ ಎಂದು ಅಂಗಡಿಯಲ್ಲೇ ಕೇಳಿ. ಆಗಿಲ್ಲದಿದ್ದರೆ ಬೋರ್ಡು ಈ ಪ್ರೊಸೆಸರನ್ನು ಗುರುತಿಸುವುದೇ ಇಲ್ಲ.

ರ್‍ಯಾಮ್ 16 ಜಿಬಿ ಇರಲಿ, ಅದೂ 8 ಜಿಬಿಯ ಎರಡು ಕಡ್ಡಿಗಳಾಗಿ. ಒಳಗಿನ ಗ್ರಾಫಿಕ್ಸಿಗೆ ಬೇರೆ ಮೆಮೊರಿ ಇಲ್ಲ, ಅದು ರ್‍ಯಾಮನ್ನೇ ಬಳಸುತ್ತದೆ. ಎರಡು ಕಡ್ಡಿ ಇದ್ದಾಗ ದಾರಿಯೂ ಎರಡಾಗಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ಹೊತ್ತಿಗೆ ರ್‍ಯಾಮ್ ಬೆಲೆ ಬಹಳ ಏರಿತು. ಬಜೆಟ್ ಹಾಕುವ ದಿನವೇ ಅಂದಿನ ದರ ವಿಚಾರಿಸಿ, ಹಳೆಯ ಲೆಕ್ಕ ನಂಬಬೇಡಿ.

ಎಸ್‌ಎಸ್‌ಡಿ 500 ಜಿಬಿಯ ಎನ್‌ವಿಎಂಇ ತೆಗೆದುಕೊಳ್ಳಿ. 5600ಜಿ ಪಿಸಿಐಇ 3.0ರವರೆಗೆ ಮಾತ್ರ ಹೋಗುವುದರಿಂದ 4.0 ಎಸ್‌ಎಸ್‌ಡಿಗೆ ಹೆಚ್ಚು ಹಣ ಸುರಿಯುವುದು ದಂಡ.

ಇನ್ನು ಎಲ್ಲಕ್ಕೂ ಕರೆಂಟ್ ಒದಗಿಸುವ ಎಸ್‌ಎಂಪಿಎಸ್. ಇಲ್ಲಿ ನಾನು ಹಟ ಹಿಡಿಯುತ್ತೇನೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಹಗುರ ಡಬ್ಬಿ ಬೇಡವೇ ಬೇಡ. ಅದು ಸುಡುವಾಗ ಕೆಲವೊಮ್ಮೆ ಬೋರ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ. ಒಳ್ಳೆಯ ಕಂಪನಿಯ, 80 ಪ್ಲಸ್ ಬ್ರಾಂಜ್ ಗುರುತಿರುವ 450 ವ್ಯಾಟಿನದು ಸಾಕು. ಜೊತೆಗೆ 600 ವಿಎ ಯುಪಿಎಸ್. ಕರೆಂಟ್ ಹೋದಾಗ ಕೆಲಸ ಉಳಿಸಿ ಆಫ್ ಮಾಡುವಷ್ಟು ಸಮಯ ಅದು ಕೊಡುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಸಿಕ್ಕಿಸಬಾರದು. ಅದು ಬಿಸಿಯಾಗುವಾಗ ಎಳೆಯುವ ಕರೆಂಟನ್ನು ಇಷ್ಟು ಚಿಕ್ಕ ಯುಪಿಎಸ್ ತಡೆಯದು.

ಬೆಂಗಳೂರಿನಲ್ಲಿ ಕೊಳ್ಳುವವರಿಗೆ ಎಸ್‌.ಪಿ. ರೋಡ್ ಗೊತ್ತೇ ಇದೆ. ಒಂದೇ ಪಟ್ಟಿಯನ್ನು ಮೂರ್ನಾಲ್ಕು ಅಂಗಡಿಯಲ್ಲಿ ಕೊಟ್ಟು ಕೊಟೇಶನ್ ಬರೆಸಿಕೊಳ್ಳಿ. ಆನ್‌ಲೈನ್ ದರದ ಜೊತೆಗೂ ಹೋಲಿಸಿ. ಬಿಲ್ ಇಲ್ಲದೆ ಸ್ವಲ್ಪ ಇಳಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಜಿಎಸ್‌ಟಿ ಬಿಲ್ಲು ಗೆಳೆಯನ ಹೆಸರಿನಲ್ಲೇ ಇರಲಿ. ನಾಳೆ ವಾರಂಟಿಗೆ ಓಡಾಡುವವನು ಅವನು.

ಜೋಡಿಸುವ ಕ್ರಮ

ಮದರ್‌ಬೋರ್ಡನ್ನು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆಯೇ ಇಟ್ಟುಕೊಂಡು ಶುರು ಮಾಡಿ. ಮೈಯಲ್ಲಿನ ಸ್ಟ್ಯಾಟಿಕ್ ಹೋಗಲು ಆಗಾಗ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟುತ್ತಿರಿ.

ಎಎಂ4 ಪ್ರೊಸೆಸರಿನ ಅಡಿಯಲ್ಲಿ ಸಾವಿರಕ್ಕೂ ಹೆಚ್ಚು ಸಣ್ಣ ಪಿನ್‌ಗಳಿರುತ್ತವೆ. ಅಂಚನ್ನು ಮಾತ್ರ ಹಿಡಿಯಿರಿ. ಸಾಕೆಟ್ಟಿನ ಸನ್ನೆಯನ್ನು ಮೇಲೆತ್ತಿ, ಪ್ರೊಸೆಸರಿನ ಒಂದು ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಸುಮ್ಮನೆ ಬಿಡಿ. ತನ್ನಷ್ಟಕ್ಕೆ ಕೂರಬೇಕು. ಒತ್ತುವ ಅಗತ್ಯ ಬಂತೆಂದರೆ ಯಾವುದೋ ಪಿನ್ ಬಾಗಿದೆ ಅಥವಾ ಮೂಲೆ ತಪ್ಪಿದೆ. ಕೂತ ಮೇಲೆ ಸನ್ನೆ ಇಳಿಸಿ.

ಫ್ಯಾನ್ ಕೂರಿಸುವ ಮುನ್ನ ಬೋರ್ಡಿನ ಮೇಲಿರುವ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಬೇಕು; ಆಗ ಅಡಿಯ ಲೋಹದ ತಟ್ಟೆ ಕಳಚಿ ಬೀಳದಂತೆ ಹಿಂದಿನಿಂದ ಕೈ ಕೊಟ್ಟಿರಿ. ಥರ್ಮಲ್ ಪೇಸ್ಟ್ ಫ್ಯಾನಿನ ತಳಕ್ಕೆ ಮೊದಲೇ ಹಚ್ಚಿರುತ್ತದೆ, ಬೆರಳು ತಾಗಿಸಬೇಡಿ. ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯ ಲೆಕ್ಕದಲ್ಲಿ, ಒಂದೊಂದಕ್ಕೂ ಎರಡೆರಡು ಸುತ್ತಿನಂತೆ ಬಿಗಿಯುತ್ತ ಹೋಗಿ. ಒಂದೇ ಕಡೆ ಪೂರ್ತಿ ಬಿಗಿದರೆ ಇನ್ನೊಂದು ಬದಿ ಎದ್ದು ನಿಲ್ಲುತ್ತದೆ. ವೈರನ್ನು ‘ಸಿಪಿಯು ಫ್ಯಾನ್’ ಎಂದು ಬರೆದಿರುವ ಪಿನ್ನಿಗೇ ಹಾಕಿ.

ನಾಲ್ಕು ರ್‍ಯಾಮ್ ಸ್ಲಾಟ್ ಇದ್ದರೆ ಪ್ರೊಸೆಸರಿನಿಂದ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಿ. ‘ಟಕ್’ ಎಂಬ ಸದ್ದು ಬರುವವರೆಗೆ ಒತ್ತಿ, ಇಲ್ಲಿ ಅಂಜಬೇಕಿಲ್ಲ. ಎಸ್‌ಎಸ್‌ಡಿಯನ್ನು ಓರೆಯಾಗಿ ತೂರಿಸಿ, ಮಲಗಿಸಿ, ಸ್ಕ್ರೂ ಹಾಕಿ.

ಕ್ಯಾಬಿನೆಟ್ಟಿನೊಳಗೆ ಬೋರ್ಡಿನ ತೂತುಗಳಿಗೆ ಸರಿಯಾಗಿ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳು ಇವೆಯೇ ನೋಡಿ. ತೂತಿಲ್ಲದ ಕಡೆ ಒಂದು ಉಳಿದರೂ ಶಾರ್ಟ್ ಆಗಬಹುದು. ಹಿಂಬದಿಯ ತಗಡಿನ ಐ/ಒ ಶೀಲ್ಡ್ ಅನ್ನು ಬೋರ್ಡಿಗಿಂತ ಮೊದಲೇ ಕೂರಿಸಬೇಕು, ಆಮೇಲೆ ಆಗದು.

ಎಸ್‌ಎಂಪಿಎಸ್‌ನಿಂದ ಎರಡು ವೈರು ಕಡ್ಡಾಯ: ದೊಡ್ಡ 24 ಪಿನ್ನಿನದು, ಮೇಲಿನ ಮೂಲೆಗೆ ಹೋಗುವ 8 ಪಿನ್ನಿನದು. ಎರಡನೆಯದು ಮರೆತರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಹೊಸಬರು ಇಲ್ಲೇ ಗಾಬರಿಯಾಗುವುದು. ಪವರ್ ಬಟನ್ನಿನ ಸಣ್ಣ ವೈರುಗಳನ್ನು ಬೋರ್ಡಿನ ಕೈಪಿಡಿ ತೆರೆದಿಟ್ಟುಕೊಂಡು, ಟಾರ್ಚ್ ಹಿಡಿದು ಸಿಕ್ಕಿಸಿ. ಬಟನ್ನಿನದು ಹೇಗೆ ಹಾಕಿದರೂ ನಡೆಯುತ್ತದೆ, ಎಲ್‌ಇಡಿಗಳಿಗೆ ಮಾತ್ರ ಪ್ಲಸ್–ಮೈನಸ್ ಇದೆ.

ಕರೆಂಟ್ ಕೊಟ್ಟ ಮೇಲೆ

ಎಚ್‌ಡಿಎಂಐ ವೈರು ಬೋರ್ಡಿನ ಹಿಂಬದಿಗೇ ಇರಲಿ. ಬಯೋಸ್ ತೆರೆದು 16 ಜಿಬಿ ಪೂರ್ತಿ ಕಾಣುತ್ತದೆಯೇ, ಪ್ರೊಸೆಸರ್ ಶಾಖ ನಿಲ್ಲದೆ ಏರುತ್ತಿದೆಯೇ ನೋಡಿ. ರ್‍ಯಾಮಿನ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಆನ್ ಮಾಡಿ. ಮಾಡದಿದ್ದರೆ 3200ರ ರ್‍ಯಾಮ್ ಎಷ್ಟೋ ಸಲ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಕುವುದಾದರೆ 11ನ್ನೇ ಹಾಕಿ, ಲೈಸೆನ್ಸಿನ ದುಡ್ಡನ್ನು ಬಜೆಟ್ಟಿನಲ್ಲೇ ಸೇರಿಸಿ. ಇಲ್ಲವೇ ಲಿನಕ್ಸ್ ಮಿಂಟ್ ಉಚಿತ. ಯೂನಿಕೋಡ್ ಕನ್ನಡ ಅದರಲ್ಲಿ ಚೆನ್ನಾಗಿಯೇ ಬರುತ್ತದೆ. ಆದರೆ ಮೇಷ್ಟ್ರ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ನುಡಿ ಫಾಂಟಿನಲ್ಲಿದ್ದುದರಿಂದ ನಾನು ವಿಂಡೋಸನ್ನೇ ಉಳಿಸಿಕೊಂಡೆ.

ಒಪ್ಪಿಸುವ ದಿನ ಎಲ್ಲ ಬಿಲ್ಲು, ಸೀರಿಯಲ್ ನಂಬರ್‌ಗಳ ಫೋಟೊ ತೆಗೆದು ಗೆಳೆಯನಿಗೂ ಕಳಿಸಿ. ಉಳಿದ ಸ್ಕ್ರೂ, ವೈರುಗಳನ್ನು ಬೋರ್ಡಿನ ಪೆಟ್ಟಿಗೆಯಲ್ಲೇ ಹಾಕಿಡಿ. ಮಲೆನಾಡಿನಲ್ಲಿ ಏಪ್ರಿಲ್–ಮೇ ಗುಡುಗು ಶುರುವಾದಾಗ ಪ್ಲಗ್ ಕಿತ್ತರಷ್ಟೇ ಸಾಲದು, ರೂಟರಿನಿಂದ ಬರುವ ಲ್ಯಾನ್ ವೈರನ್ನೂ ಕೀಳಬೇಕು. ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬಂದು ಬೋರ್ಡನ್ನು ಸುಡುತ್ತದೆ. ಇದನ್ನು ಬಾಯಲ್ಲಿ ಹೇಳಿ ಬಿಡದೆ, ಮನೆಯವರೆಲ್ಲರ ಕೈಯಲ್ಲಿ ಒಂದೊಂದು ಸಲ ಕೀಳಿಸಿ ತೋರಿಸಿ.